ಖಾಲಿ ಜಾಗ ಅಂದ್ರೆ ಯಾರ ಜಾಗ?



ಕರಾವಳಿಯ ಯಾವುದೋ ಸಣ್ಣ ಹಳ್ಳಿಯ ಬಗ್ಗೆ ಪ್ರವಾಸಿಗಳಿಗೂ ಬಂಡವಾಳ ಹಾಕುವವರಿಗೂ ಅಂತ ಬರೆದ ಪರಿಚಯ ಪುಸ್ತಿಕೆ ನಿಮ್ಮ ಕೈಗೆ ಸಿಕ್ಕಿರಬಹುದು. ಅದರ ಮಾತು ನಮಗೆಲ್ಲ ಬಾಯಿಪಾಠವಾಗಿದೆ. ಬೆಳ್ಳಿಯಂಥ ಮರಳು, ತೆಂಗಿನ ಸಾಲು, ಪುರಾತನ ದೇವಸ್ಥಾನ, ನಗುನಗುತ್ತ ಸತ್ಕರಿಸುವ ಮುಗ್ಧ ಜನ. ಹೆದ್ದಾರಿ ಇಷ್ಟು ದೂರ, ವಿಮಾನ ನಿಲ್ದಾಣ ಇಷ್ಟು ದೂರ. ಕೊನೆಗೊಂದು ಸಾಲು: ಅಭಿವೃದ್ಧಿಗೆ ಸಾಕಷ್ಟು ಖಾಲಿ ಜಾಗ ಇದೆ.

ನಾವು ಮಾತಾಡಬೇಕಾದ್ದು ಈ ಕೊನೆಯ ಸಾಲಿನ ಬಗ್ಗೆ. ಮಿಕ್ಕಿದ್ದೆಲ್ಲ ಅಲಂಕಾರ. ಮಾರಾಟಕ್ಕೆ ಇಟ್ಟಿರೋದು ಈ ಸಾಲನ್ನು.

ಹಳ್ಳಿಯನ್ನು ಹಾಡಿ ಹೊಗಳೋದು ಹೊಸದಲ್ಲ. 1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನು ಮಂಡಿಸುತ್ತಾ ಬಾಬಾಸಾಹೇಬರು ಈ ಹಳ್ಳಿಯ ಮೋಹವನ್ನು ನೇರವಾಗಿ ತಳ್ಳಿಹಾಕಿದರು. ಹಳ್ಳಿ ಅನ್ನೋದು ಸಂಕುಚಿತತನದ, ಅಜ್ಞಾನದ ಬೀಡು ಎಂಬುದು ಅವರ ಮಾತಿನ ಸಾರ. ಅವತ್ತು ಹಳ್ಳಿಯನ್ನು ಹೊಗಳಿದವರು ಆದರ್ಶದ ಹೆಸರಲ್ಲಿ ಹೊಗಳಿದರು. ಇವತ್ತು ಹೊಗಳೋರು ಸೆಂಟ್ಸಿನ ಲೆಕ್ಕದಲ್ಲಿ ಹೊಗಳ್ತಾರೆ. ಎರಡೂ ಹೊಗಳಿಕೆಯಲ್ಲಿ ನಮ್ಮ ಕೇರಿ ಮಾತ್ರ ಕಾಣೋದಿಲ್ಲ.

2020ರ ಅಕ್ಟೋಬರಿನಲ್ಲಿ ದೇಶದ ಎಂಟು ಕಡಲ ತೀರಗಳಿಗೆ ಬ್ಲೂ ಫ್ಲ್ಯಾಗ್ ಅನ್ನುವ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ಅದರಲ್ಲಿ ಎರಡು ನಮ್ಮ ರಾಜ್ಯದವು. ಒಂದು ಉಡುಪಿ ಜಿಲ್ಲೆಯ ಪಡುಬಿದ್ರಿ, ಇನ್ನೊಂದು ಉತ್ತರ ಕನ್ನಡದ ಹೊನ್ನಾವರದ ಹತ್ತಿರದ ಕಾಸರಕೋಡು. ಈ ಮನ್ನಣೆಗೆ 33 ನಿಯಮಗಳಿವೆ. ಕಡಲ ನೀರು ಶುದ್ಧ ಇರಬೇಕು, ಶೌಚಾಲಯ ಇರಬೇಕು, ಕಸ ಇರಬಾರದು. ಒಳ್ಳೆಯದೇ. ಶುದ್ಧ ನೀರು ಯಾರಿಗೆ ಬೇಡ? ಆದರೆ ಕಡಲ ನೀರನ್ನು ಸೀಸೆಯಲ್ಲಿ ತುಂಬಿ ಪರೀಕ್ಷೆಗೆ ಕಳಿಸಿದವರು ಅದೇ ಊರಿನ ಕಾಲನಿಯ ಬಾವಿ ನೀರನ್ನೂ ನೋಡಲಿ ಅನ್ನುವ ನಿಯಮ ಆ 33ರಲ್ಲಿ ಇಲ್ಲ. ಮರಳನ್ನು ದಿನಾ ಬೆಳಿಗ್ಗೆ ಗುಡಿಸೋರು ಯಾರು, ಅವರಿಗೆ ಏನು ಕೂಲಿ ಅಂತ ಪರಿಚಯ ಪುಸ್ತಿಕೆಯೂ ಬರೆಯೋದಿಲ್ಲ.

ಕಾಸರಕೋಡಿನ ಕಥೆ ಇಲ್ಲಿಗೆ ಮುಗಿಯೋದಿಲ್ಲ. ಶರಾವತಿ ಕಡಲು ಸೇರುವ ಟೊಂಕದಲ್ಲಿ ಖಾಸಗಿ ಬಂದರಿನ ಯೋಜನೆ ಬಂತು. ಅಲ್ಲಿನ ಮರಳಿನ ಮೇಲೆ ಮೀನು ಒಣಗಿಸಿ ಬದುಕುವ ಹೆಂಗಸರು ಅದಕ್ಕೆ ಅಡ್ಡ ನಿಂತರು. ಯೋಜನೆಯ ಕಣ್ಣಿಗೆ ಅದು ಬರೀ ಮರಳು. ಆ ಹೆಂಗಸರಿಗೆ ಅದೇ ಅಂಗಳ, ಅದೇ ಕಣ, ಅದೇ ಅಂಗಡಿ. ಖಾಲಿ ಅನ್ನೋ ಮಾತಿನ ಅರ್ಥ ಇಷ್ಟೇ: ಅಲ್ಲಿ ಬದುಕುವವರ ಹೆಸರು ಕಾಗದದಲ್ಲಿ ಇಲ್ಲ.

ಮೀನುಗಾರ ಬಂಧುಗಳಿಗೆ ದೋಣಿ ಇದೆ, ಸಂಘ ಇದೆ, ರಸ್ತೆ ತಡೆಯುವ ಬಲ ಇದೆ. ಹಾಗಿದ್ದೂ ಅವರಿಗೆ ಈ ಪಾಡು. ಇನ್ನು ನಮ್ಮ ಜನದ ಮಾತೇನು?

ಹಳೆಯ ದಕ್ಷಿಣ ಕನ್ನಡದ ಭೂಮಿಯ ಚರಿತ್ರೆ ನೋಡಿ. 1974ರ ಭೂಸುಧಾರಣೆಯಿಂದ ಅಲ್ಲಿನ ಗೇಣಿದಾರರಿಗೆ ಭೂಮಿ ಸಿಕ್ಕಿತು. ಅದು ದೊಡ್ಡ ಕೆಲಸ, ನಾವು ಅಲ್ಲಗಳೆಯೋದಿಲ್ಲ. ಆದರೆ ಗೇಣಿದಾರ ಬೇರೆ, ಕೂಲಿಯಾಳು ಬೇರೆ. ಗೇಣಿಯವನು ಡಿಕ್ಲರೇಷನ್ ಹಾಕಿದ, ಟ್ರಿಬ್ಯುನಲ್ ಮುಂದೆ ನಿಂತ. ತಲೆತಲಾಂತರದಿಂದ ಅದೇ ಗದ್ದೆಯ ಕೆಸರಲ್ಲಿ ದುಡಿದ ಆಳಿನ ಹತ್ತಿರ ಯಾವ ಚೀಟಿ ಇತ್ತು? ಉಳುವವನೇ ಹೊಲದೊಡೆಯ ಅಂದರು. ನೇಗಿಲು ಹಿಡಿದ ಕೈಗೆ ಬಹುಪಾಲು ಸಿಕ್ಕಿದ್ದು ಗುಡಿಸಲಿನ ಜಾಗ ಮಾತ್ರ.

ಉಳಿದ ಸರ್ಕಾರಿ ಜಾಗವಾದರೂ ಸಿಗಬಹುದಿತ್ತು. ಅಲ್ಲಿ ಕುಮ್ಕಿ ಅಡ್ಡ ಬಂತು. ವರ್ಗದ ಜಮೀನಿನ ಸುತ್ತಲಿನ ಸರ್ಕಾರಿ ಜಾಗದಿಂದ ಸೊಪ್ಪು, ಹುಲ್ಲು ತರೋ ಸವಲತ್ತಿಗೆ ಕುಮ್ಕಿ ಅಂತಾರೆ. ಅದು ಸವಲತ್ತು, ಒಡೆತನ ಅಲ್ಲ. ಆದರೆ ಬೇಲಿ ಹಾಕಿದ ಮೇಲೆ ಸವಲತ್ತು ಯಾವುದು, ಒಡೆತನ ಯಾವುದು ಅಂತ ಕೇಳೋರು ಯಾರು? ಇನ್ನು ಬ್ರಿಟಿಷರ ಕಾಲದಲ್ಲಿ ದಲಿತರಿಗೆ ಅಂತಲೇ ಮೀಸಲಿಟ್ಟ ಡಿ.ಸಿ. ಮನ್ನಾ ಭೂಮಿ. ಡಿ.ಸಿ. ಅಂದರೆ ಡೆಪ್ಯುಟಿ ಕಮಿಷನರ್ ಅಲ್ಲ, ಡಿಪ್ರೆಸ್ಡ್ ಕ್ಲಾಸಸ್. ಆ ಭೂಮಿಯನ್ನು ನಮಗೆ ಹಂಚಿ ಅಂತ ನಮ್ಮ ಜನ ಇವತ್ತಿಗೂ ಕಚೇರಿ ಮುಂದೆ ಕೂರುತ್ತಿದ್ದಾರೆ.

ಇಷ್ಟರ ಮೇಲೆ 2020ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂತು. 79ಎ, 79ಬಿ ಕಲಂಗಳನ್ನು ಕಿತ್ತುಹಾಕಿ ಕೃಷಿಕನಲ್ಲದವನೂ ಕೃಷಿಭೂಮಿ ಕೊಳ್ಳಬಹುದು ಅಂದರು. ಅದಕ್ಕೆ ಮೊದಲು 2019ರ ಕರಾವಳಿ ನಿಯಂತ್ರಣ ಅಧಿಸೂಚನೆ, ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನ ಇರುವ ಗ್ರಾಮೀಣ ಪ್ರದೇಶದಲ್ಲಿ ಕಟ್ಟಡ ನಿಷೇಧದ ಅಂಚನ್ನು 200 ಮೀಟರಿಂದ 50 ಮೀಟರಿಗೆ ಇಳಿಸಿತು. ಬೆಂಗಳೂರಿನಲ್ಲಿ ಕೂತವನಿಗೆ ಕಡಲ ಬದಿಯ ಹಳ್ಳಿ ಇದ್ದಕ್ಕಿದ್ದಂತೆ ಯಾಕೆ ಸುಂದರವಾಗಿ ಕಂಡಿತು ಅನ್ನೋದು ಈಗ ಅರ್ಥವಾಯಿತಲ್ಲ?

ಪುಸ್ತಿಕೆಯಲ್ಲಿ ನಮ್ಮವರು ಎಲ್ಲೂ ಇಲ್ಲ ಅನ್ನೋ ಹಾಗೂ ಇಲ್ಲ. ಒಂದು ಪುಟದಲ್ಲಿ ಕೊರಗರ ಡೋಲು ಇರುತ್ತೆ, ಬುಟ್ಟಿ ಇರುತ್ತೆ. ಕೆಳಗೆ ಜಾನಪದ ಸೊಗಡು ಅಂತ ಬರೆದಿರುತ್ತೆ. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸಿದ ಅಜಲು ಪದ್ಧತಿಯನ್ನು ನಿಲ್ಲಿಸಲು ಇದೇ ರಾಜ್ಯ 2000ದಲ್ಲಿ ಒಂದು ಕಾಯ್ದೆಯನ್ನೇ ಮಾಡಬೇಕಾಯಿತು ಅನ್ನೋದು ಆ ಪುಟದಲ್ಲಿ ಇರೋದಿಲ್ಲ. ಡೋಲಿನ ಚಿತ್ರ ಬೇಕು, ಡೋಲು ಬಡಿದವನ ಹೆಸರಲ್ಲಿ ಪಟ್ಟಾ ಬೇಡ!

ಹಾಗಂತ ಪ್ರವಾಸಿ ಬರಬೇಡ, ರಸ್ತೆ ಬೇಡ, ಕೆಲಸ ಬೇಡ ಅಂತ ನಾವು ಹೇಳ್ತಾ ಇಲ್ಲ. ಹಳ್ಳಿ ಹಳೇ ಹಾಗೇ ಇರಲಿ ಅಂತ ಹೇಳೋಕೆ ನಮಗೇನು ಹುಚ್ಚೆ? ಹಳೇ ಹಳ್ಳಿಯ ಸುಖ ನಮಗೆ ಚೆನ್ನಾಗಿ ಗೊತ್ತು. ನಾವು ಕೇಳೋದು ಒಂದೇ. ಬಂಡವಾಳದವನಿಗೆ ನಕ್ಷೆ ತೋರಿಸುವ ಮೊದಲು ಆ ನಕ್ಷೆಯಲ್ಲಿ ನಮ್ಮ ಮನೆ ಬರಲಿ. ಮೊದಲು ಪಟ್ಟಾ, ಆಮೇಲೆ ಪುಸ್ತಿಕೆ.

ಇದು ತಾನಾಗಿ ಆಗೋದಿಲ್ಲ. ಹಾಸ್ಟೆಲಿನಲ್ಲಿ ಓದುತ್ತಿರುವ ನೀವು ಮಾಡಬೇಕು. ರಜೆಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ತಗೊಂಡು ಹೋಗಿ. ಅದರಲ್ಲಿ ಊರಿನ ಎರಡನೇ ಪರಿಚಯ ಬರೆಯಿರಿ. ಕಾಲನಿಯಲ್ಲಿ ಎಷ್ಟು ಮನೆ, ಎಷ್ಟಕ್ಕೆ ಹಕ್ಕುಪತ್ರ ಇದೆ? ಇಲ್ಲದವರು 94ಸಿ ಕೆಳಗೆ ಅರ್ಜಿ ಹಾಕಿದ್ದಾರಾ? ಡಿ.ಸಿ. ಮನ್ನಾ ಜಾಗದ ಸರ್ವೆ ನಂಬರ್ ಯಾವುದು, ಅದರ ಪಹಣಿಯಲ್ಲಿ ಈಗ ಯಾರ ಹೆಸರಿದೆ? ಬಾವಿ ಎಲ್ಲಿದೆ, ಸ್ಮಶಾನಕ್ಕೆ ದಾರಿ ಇದೆಯಾ? ಅಜ್ಜನಿಗೆ ಮಂಜೂರಾಗಿ ಯಾರದೋ ಪಾಲಾದ ಜಮೀನು ಇದ್ದರೆ 1978ರ ಪಿಟಿಸಿಎಲ್ ಕಾಯ್ದೆ ಇದೆ. ಸರ್ಕಾರದ ಅನುಮತಿ ಇಲ್ಲದೆ ಆ ಜಮೀನು ಮಾರುವ ಹಾಗಿಲ್ಲ, ಮಾರಿದ್ದರೆ ವಾಪಸು ಕೇಳಬಹುದು. ಇದಕ್ಕೆ ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿಯೂ ಆಗಿದೆ. ಆದರೂ ತಡವಾಯಿತು ಅನ್ನೋ ತಕರಾರು ಕೋರ್ಟಿನಲ್ಲಿ ಏಳುತ್ತದೆ. ಆದ್ದರಿಂದ ಕಾಯಬೇಡಿ, ಇವತ್ತೇ ಅರ್ಜಿ ಬರೆಯಿರಿ.

ಬರೆದದ್ದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ನಡವಳಿ ಪುಸ್ತಕಕ್ಕೆ ಸೇರಿಸಿ ಅಂತ ಪಟ್ಟು ಹಿಡಿಯಿರಿ. ಅವ್ವ, ಅಪ್ಪ ಹೆದರಬಹುದು, ನಿಮಗ್ಯಾಕೆ ಈ ಉಸಾಬರಿ ಅನ್ನಬಹುದು. ಅವರ ಪಕ್ಕದಲ್ಲೇ ಕೂತು ಓದಿ ಹೇಳಿ. 1927ರ ಮಾರ್ಚಿನಲ್ಲಿ ಮಹಾಡದ ಕೆರೆಗೆ ಇಳಿದವರಿಗೂ ಆ ಕೆರೆಯ ಹಕ್ಕು ಕಾಗದದಲ್ಲಿ ಮೊದಲೇ ಇತ್ತು. ಕಾಗದದ ಹಕ್ಕನ್ನು ಕಾಲಲ್ಲಿ ನಡೆದು ಪಡೆಯಬೇಕಾಯಿತು.

ಮುಂದಿನ ಪುಸ್ತಿಕೆ ಅಚ್ಚಾಗುವ ಮೊದಲು ನಿಮ್ಮ ನೋಟ್‌ಬುಕ್ ತುಂಬಿರಲಿ. ಖಾಲಿ ಜಾಗ ಅಂತ ಯಾರಾದರೂ ಬೆರಳು ತೋರಿಸಿದರೆ, ಅಲ್ಲಿ ಇರುವವರ ಹೆಸರನ್ನು ಒಂದೊಂದಾಗಿ ಓದಿ ಹೇಳೋಣ.

ಜೈ ಭೀಮ್.