ಸಿದ್ದಿಗಳು ಯಾರೆಂದು ರಕ್ತವನ್ನು ಕೇಳಬೇಡಿ

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳ ಕಾಡಂಚಿನಲ್ಲಿ ಸಿದ್ದಿಗಳ ಕೇರಿಗಳಿವೆ. ಜಿಲ್ಲೆಯ ಗಡಿಯಾಚೆ ಕಲಘಟಗಿ, ಖಾನಾಪುರದ ಕಡೆಗೂ ಇದ್ದಾರೆ. 2011ರ ಜನಗಣತಿ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡವಾಗಿ ಎಣಿಸಿದ ಸಿದ್ದಿಗಳು 10,477 ಮಂದಿ. ಇಷ್ಟು ಚಿಕ್ಕ ಸಮುದಾಯಕ್ಕೆ ಸೌಲಭ್ಯದ ಮಾತು ಬಂದಾಗಲೆಲ್ಲ ಅವರ ಮೂಲ, ಬಣ್ಣ, ರಕ್ತಗಳ ವಿಚಾರಣೆ ಶುರುವಾಗುತ್ತದೆ. ಆಕ್ಷೇಪಗಳು ಹಳೆಯವೇ. ಅವನ್ನು ಒಂದೊಂದಾಗಿ ಎದುರಿಸುತ್ತೇನೆ.

1. “ಇವರು ಆಫ್ರಿಕಾದವರು, ಇಲ್ಲಿಯವರಲ್ಲ.”

ಪೂರ್ವಜರು ಆಫ್ರಿಕಾದಿಂದ ಬಂದರು ಎಂಬುದು ನಿಜ. ಆದ್ದರಿಂದ ಇವರು ಇಲ್ಲಿಯವರಲ್ಲ ಎಂಬುದು ಸುಳ್ಳು. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಜನರನ್ನು ಹಡಗಿನಲ್ಲಿ ತುಂಬಿ ತಂದು ಮಾರಿದರು. ಅದಕ್ಕೂ ಮೊದಲೇ ಅರಬ್ ವ್ಯಾಪಾರಿಗಳು ಪಶ್ಚಿಮ ಕರಾವಳಿಗೆ ಆಫ್ರಿಕಾದ ಗುಲಾಮರನ್ನು ತರುತ್ತಿದ್ದರು. ಯಜಮಾನರಿಂದ ತಪ್ಪಿಸಿಕೊಂಡವರೂ ಬಿಡುಗಡೆ ಪಡೆದವರೂ ಘಟ್ಟದ ಕಾಡು ಸೇರಿ ಕೇರಿ ಕಟ್ಟಿಕೊಂಡರು. ಹಲವು ತಲೆಮಾರುಗಳಿಂದ ಇದೇ ಮಣ್ಣಿನಲ್ಲಿ ದುಡಿದು, ಇದೇ ಮಣ್ಣಿನಲ್ಲಿ ಹೂತುಹೋದವರ ಮಕ್ಕಳು ಪರಕೀಯರಾಗುವುದು ಹೇಗೆ? ನಮ್ಮ ಸಂವಿಧಾನದ 5ನೇ ವಿಧಿ ಪೌರತ್ವಕ್ಕೆ ಹುಟ್ಟನ್ನೂ ವಾಸವನ್ನೂ ಆಧಾರ ಮಾಡಿತು, ಬಣ್ಣವನ್ನಲ್ಲ. ಈ ನಾಡಿನಲ್ಲಿ ಹೊರಗಿನಿಂದ ಬಂದ ನೆನಪು ಇಟ್ಟುಕೊಂಡ ಸಮುದಾಯಗಳು ಎಷ್ಟಿಲ್ಲ? ಅವರಲ್ಲಿ ಯಾರನ್ನೂ ದಿನಬೆಳಗಾದರೆ “ನಿಮ್ಮ ದೇಶ ಯಾವುದು” ಎಂದು ಯಾರೂ ಕೇಳುವುದಿಲ್ಲ. ಸಿದ್ದಿಯ ಮಗುವನ್ನು ಮಾತ್ರ ಕೇಳುತ್ತಾರೆ, ಅದರ ಗುಂಗುರು ಕೂದಲು ನೋಡಿ.

2. “ಶುದ್ಧ ಆಫ್ರಿಕನ್ನರೂ ಅಲ್ಲ, ಬೆರೆತವರು. ಬೆರೆತವರು ಬುಡಕಟ್ಟು ಹೇಗಾದಾರು?”

ಮೊದಲ ಆಕ್ಷೇಪಕ್ಕೆ ನೇರ ವಿರುದ್ಧವಾದ ಮಾತಿದು. ಆದರೂ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವರಿದ್ದಾರೆ. ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವಶಾಸ್ತ್ರ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳು 2011ರಲ್ಲಿ ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ವಂಶವಾಹಿ ಅಧ್ಯಯನವನ್ನು ಪ್ರಕಟಿಸಿದರು. ಸಿದ್ದಿಗಳ ಆನುವಂಶಿಕತೆಯಲ್ಲಿ ಆಫ್ರಿಕಾದ ಪಾಲೇ ಹೆಚ್ಚು, ಅದರಲ್ಲೂ ಬಾಂಟು ಭಾಷಿಕ ಜನರ ನಂಟು ಸ್ಪಷ್ಟ. ಜೊತೆಗೆ ಭಾರತೀಯ ಪಾಲಿದೆ, ಅಲ್ಪ ಯುರೋಪಿಯನ್ ಪಾಲಿನ ಸುಳಿವೂ ಇದೆ. ಭಾರತೀಯರೊಂದಿಗಿನ ಬೆರಕೆ ಸುಮಾರು 200 ವರ್ಷಗಳ ಹಿಂದಿನದು ಎಂದು ಅವರು ಅಂದಾಜಿಸಿದರು.

ಅದೇ ಅಧ್ಯಯನದ ಇನ್ನೊಂದು ಅಂಶವನ್ನು ಆಕ್ಷೇಪಿಸುವವರು ಗಮನಿಸಬೇಕು. ಈ ಹರಿವು ಬಹುಮಟ್ಟಿಗೆ ಏಕಮುಖವಾಗಿತ್ತು. ಸುತ್ತಲಿನವರ ವಂಶವಾಹಿಗಳು ಸಿದ್ದಿಗಳಲ್ಲಿ ಸೇರಿದವು, ಸಿದ್ದಿಗಳವು ಸುತ್ತಲಿನವರಲ್ಲಿ ಅಷ್ಟಾಗಿ ಸೇರಲಿಲ್ಲ. ಅಂದರೆ ಬೆರೆತು ಹುಟ್ಟಿದ ಮಗು ಸಿದ್ದಿ ಕೇರಿಯಲ್ಲಿ ಬೆಳೆಯಿತು, ಸಿದ್ದಿಯೇ ಆಯಿತು. ಅದನ್ನು ನಮ್ಮದು ಎಂದು ಎತ್ತಿಕೊಂಡವರು ಸಿದ್ದಿಗಳು, ಹೊರಗಿಟ್ಟವರು ಉಳಿದವರು. ಈಗ ಅದೇ ಬೆರಕೆಯನ್ನು ಸಿದ್ದಿಗಳ ಕೊರತೆ ಎಂದು ತೋರಿಸುವುದು ಘೋರ ಅನ್ಯಾಯ.

ಬುಡಕಟ್ಟು ಪಟ್ಟಿಗೆ ರಕ್ತಶುದ್ಧಿ ಎಂಬ ಮಾನದಂಡವೂ ಇಲ್ಲ. 1965ರ ಲೋಕೂರ್ ಸಮಿತಿ ನೋಡಿದ್ದು ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹಿಂದುಳಿದಿರುವಿಕೆಯಂಥ ಲಕ್ಷಣಗಳನ್ನು.

3. “ಮೂರು ಧರ್ಮ, ಹಲವು ಭಾಷೆ. ಇದು ಒಂದು ಸಮುದಾಯವೇ ಅಲ್ಲ.”

ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಮನೆಯಲ್ಲಿ ತಮ್ಮದೇ ಧಾಟಿಯ ಕೊಂಕಣಿ, ಕೆಲವೆಡೆ ಉರ್ದು, ಪೇಟೆಯಲ್ಲಿ ಕನ್ನಡ. ಯಾರ ಆಳಾಗಿ, ಯಾರ ನೆರೆಯಲ್ಲಿ ಬದುಕಿದರೋ ಅವರ ಧರ್ಮ, ಭಾಷೆ ಬಂತು. ಆದರೆ ಹಿರಿಯರಿಗೆ ನಡೆದುಕೊಳ್ಳುವ ಪದ್ಧತಿ ಧರ್ಮದ ಗೆರೆ ದಾಟಿ ಉಳಿದಿದೆ. ಡಮಾಮಿ ಎಂಬ ಡೋಲಿನ ಬಡಿತಕ್ಕೆ ಮೂರೂ ಧರ್ಮದವರು ಕುಣಿಯುತ್ತಾರೆ. ಹಳೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೆಂಗಸರು ಹೊಲಿಯುವ ಕೌದಿ ಮೂರೂ ಧರ್ಮದವರ ಮನೆಗಳಲ್ಲಿದೆ. ಕಾನೂನೂ ಸ್ಪಷ್ಟವಾಗಿದೆ: 1950ರ ಪರಿಶಿಷ್ಟ ಜಾತಿ ಆದೇಶದಲ್ಲಿರುವ ಧರ್ಮದ ಷರತ್ತು ಪರಿಶಿಷ್ಟ ಪಂಗಡಗಳಿಗಿಲ್ಲ.

4. “ಗುಲಾಮರ ಸಂತತಿ, ಇವರಿಗೆ ಎಂಥ ಇತಿಹಾಸ?”

ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾದ ಮಲಿಕ್ ಅಂಬರ್ ಅಹ್ಮದ್‌ನಗರದ ಆಡಳಿತದ ಚುಕ್ಕಾಣಿ ಹಿಡಿದು, 1626ರಲ್ಲಿ ಸಾಯುವವರೆಗೂ ಮೊಗಲರನ್ನು ತಡೆದು ನಿಲ್ಲಿಸಿದ. ನಮ್ಮ ವಿಜಯಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಆಫ್ರಿಕಾ ಮೂಲದ ಇಖ್ಲಾಸ್ ಖಾನ್ ಪ್ರಭಾವಿ ಮಂತ್ರಿಯಾಗಿದ್ದ. ಜಂಜಿರಾದ ಕೋಟೆಯನ್ನು ಸಿದ್ದಿ ದೊರೆಗಳು ಶತಮಾನಗಳ ಕಾಲ ಆಳಿದರು.

ಆದರೂ ದೊರೆಗಳ ಹೆಸರು ಹೇಳಿ ಗೌರವ ಸಂಪಾದಿಸಬೇಕಾದ ಗತಿ ಸಿದ್ದಿಗಳಿಗಿಲ್ಲ. ಗುಲಾಮಗಿರಿಗೆ ನಾಚಬೇಕಾದವರು ಮಾರಿದವರು, ಕೊಂಡವರು. ಗುರುತಿಲ್ಲದ ಕಾಡಿಗೆ ಓಡಿಬಂದು, ಮಳೆ, ಹುಲಿ, ಹಸಿವುಗಳ ನಡುವೆ ಸ್ವತಂತ್ರವಾಗಿ ಬದುಕುತ್ತೇವೆಂದು ನಿರ್ಧರಿಸಿದ ಅನಾಮಧೇಯರ ಇತಿಹಾಸ ಯಾವ ರಾಜವಂಶದ ಇತಿಹಾಸಕ್ಕೂ ಕಡಿಮೆಯಲ್ಲ.

5. “ಅವರದು ಓಟಗಾರರ ಮೈಕಟ್ಟು, ಕ್ರೀಡೆಗೆ ಹಾಕಿದರೆ ಸಾಕು.”

ಹೊಗಳಿಕೆಯಂತೆ ಕೇಳುವ ಈ ಮಾತಿನೊಳಗೂ ಜನಾಂಗದ ಅಳತೆಗೋಲೇ ಇದೆ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಇದೇ ನಂಬಿಕೆಯಿಂದ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು. ಕೆಲವರು ಪದಕಗಳನ್ನೂ ತಂದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಎಷ್ಟೋ ಮಕ್ಕಳು ಅರ್ಧದಾರಿಯಿಂದ ಮನೆಗೆ ಮರಳಿದರು. ದೇಹವನ್ನಷ್ಟೇ ಕಂಡ ಯೋಜನೆಯಲ್ಲಿ ಆ ಮಕ್ಕಳ ಓದಿಗೂ ಮುಂದಿನ ಬದುಕಿಗೂ ಜಾಗವಿರಲಿಲ್ಲ.

ಅದೇ ದಶಕದಲ್ಲಿ ರಂಗನಿರ್ದೇಶಕ ಚಿದಂಬರರಾವ್ ಜಂಬೆ ಮಂಚಿಕೇರಿಯಲ್ಲಿ ಸಿದ್ದಿಗಳನ್ನು ಕಲಾವಿದರೆಂದು ಕಂಡು, ನೈಜೀರಿಯಾದ ಲೇಖಕ ಚಿನುವಾ ಅಚೆಬೆಯ ಕಾದಂಬರಿ ಆಧರಿಸಿದ ನಾಟಕವನ್ನು ಅವರಿಂದ ಆಡಿಸಿದರು. ಗಿರಿಜಾ ಸಿದ್ದಿ ಹಾಡಿನಲ್ಲಿ, ರಂಗದಲ್ಲಿ, ಪ್ರಶಾಂತ್ ಸಿದ್ದಿ ಕನ್ನಡ ಸಿನಿಮಾದಲ್ಲಿ ಹೆಸರು ಮಾಡಿದ್ದಾರೆ. ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತು ಪ್ರವೇಶಿಸಿದರು. ಅವಕಾಶದ ಬಾಗಿಲು ತೆರೆದ ಕಡೆಯೆಲ್ಲ ಸಿದ್ದಿಗಳು ಒಳಗೆ ಬಂದಿದ್ದಾರೆ.

6. “ಸವಲತ್ತು ಸಿಕ್ಕಿತಲ್ಲ, ಇನ್ನೇನು?”

ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಗಳ ಅದೇ ಬಳಗದವರು ಅದಕ್ಕಾಗಿ 2020ರವರೆಗೆ ಕಾಯಬೇಕಾಯಿತು. ಜಿಲ್ಲೆಯ ಗಡಿಯೊಂದು ಅಕ್ಕತಂಗಿಯರ ಮಕ್ಕಳನ್ನು ಬುಡಕಟ್ಟು, ಬುಡಕಟ್ಟಲ್ಲ ಎಂದು ಒಡೆದಿಟ್ಟಿತ್ತು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಭೂಮಿಯಲ್ಲಿದ್ದರೆ ಸಾಕು. ಉಳಿದವರು 75 ವರ್ಷಗಳ ವಾಸಕ್ಕೆ ಪುರಾವೆ ಕೊಡಬೇಕು. ಕಾಗದಪತ್ರವೇ ಇಲ್ಲದೆ ಬದುಕಿದ ಜನ ಎಲ್ಲಿಂದ ತಂದಾರು? ಮೂಲದ ಬಗೆಗಿನ ಹಗುರ ಮಾತು ಹೀಗೆ ಒಂದು ಕುಟುಂಬದ ಗದ್ದೆಯನ್ನೇ ಕಸಿಯಬಲ್ಲದು.

ಸಿದ್ದಿಗಳ ಪೂರ್ವಜರು ಎಲ್ಲಿಂದ ಬಂದರು ಎಂಬುದನ್ನು ಇತಿಹಾಸಕಾರರು, ವಿಜ್ಞಾನಿಗಳು ಶೋಧಿಸಲಿ. ಆ ಜ್ಞಾನದ ಮೇಲೆ ಸಿದ್ದಿಗಳಿಗೂ ಹಕ್ಕಿದೆ. ಆದರೆ ಯಾರು ಈ ನಾಡಿನವರು ಎಂದು ತೀರ್ಮಾನಿಸುವ ಅಧಿಕಾರ ಯಾವ ರಕ್ತಪರೀಕ್ಷೆಗೂ ಇಲ್ಲ. ಸಾಗುವಳಿ ಭೂಮಿಗೆ ಪಟ್ಟಾ, ಕೇಳಿದಾಗ ಜಾತಿ ಪ್ರಮಾಣಪತ್ರ, ಅವಮಾನವಿಲ್ಲದ ಶಾಲೆ: ಸಿದ್ದಿಗಳಿಗೆ ಸಲ್ಲಬೇಕಾದ ಇವುಗಳಲ್ಲಿ ಒಂದಕ್ಕೂ ಬಣ್ಣದ, ಕೂದಲಿನ, ವಂಶದ ವಿವರಣೆ ಬೇಕಿಲ್ಲ. ಅದನ್ನು ಕೇಳುವುದನ್ನು ನಾವು ನಿಲ್ಲಿಸಬೇಕು.