ಅಮೆರಿಕಾ ರಾಜ್ಯಾಂಗದ ಕರ್ತೃಗಳು ಯಾರು?

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ರಾಜ್ಯಾಂಗದ ವಿಷಯವಾಗಿ ಲೋಕದಲ್ಲಿ ಒಂದು ಸ್ತೋತ್ರಪಾಠವು ಬಹುಕಾಲದಿಂದ ರೂಢಿಯಾಗಿದೆ. 1787ನೆಯ ಇಸವಿಯ ಬೇಸಗೆಯಲ್ಲಿ ಫಿಲಡೆಲ್ಫಿಯಾ ಪಟ್ಟಣದ ಸಭಾಮಂದಿರದಲ್ಲಿ 55 ಮಂದಿ ಮಹಾಪುರುಷರು ಕಲೆತರೆಂದೂ, ನಾಲ್ಕು ತಿಂಗಳ ಕಾಲ ಏಕಾಗ್ರಚಿತ್ತರಾಗಿ ಆಲೋಚಿಸಿದರೆಂದೂ, ಅದರ ಫಲವಾಗಿ ಸರ್ವಾಂಗಸುಂದರವಾದ ಒಂದು ರಾಜ್ಯಾಂಗವು ಉದಯಿಸಿತೆಂದೂ ಆ ಪಾಠವು ಸಾರುತ್ತದೆ. ಇಂಗ್ಲೆಂಡಿನ ಪ್ರಧಾನಮಂತ್ರಿಯಾಗಿದ್ದ ಗ್ಲಾಡ್‌ಸ್ಟನ್ನನು 1878ರಲ್ಲಿ ಬರೆದ ಒಂದು ಲೇಖನದಲ್ಲಿ, ಮನುಷ್ಯನ ಬುದ್ಧಿಯು ಒಂದು ನಿಯತಕಾಲದಲ್ಲಿ ಸಂಕಲ್ಪಪೂರ್ವಕವಾಗಿ ನಿರ್ಮಿಸಿದ ಕೃತಿಗಳಲ್ಲೆಲ್ಲ ಇದೇ ಪರಮಾಶ್ಚರ್ಯಕರವೆಂದು ಕೊಂಡಾಡಿದನು. ಅಂದಿನಿಂದ ಪಾಠಪುಸ್ತಕಗಳೂ ಉತ್ಸವಭಾಷಣಗಳೂ ಆ ಮಾತನ್ನೇ ಮೂಲಮಂತ್ರವಾಗಿ ಜಪಿಸುತ್ತ ಬಂದಿವೆ.

ಈ ಸ್ತುತಿಯಲ್ಲಿ ಅರ್ಧದಷ್ಟು ಮಾತ್ರ ಸತ್ಯವಿದೆ. ಫಿಲಡೆಲ್ಫಿಯಾದ ಸಭೆಯವರು ಒಂದು ಸರ್ಕಾರವನ್ನು ಕಟ್ಟಿಕೊಟ್ಟರು, ಅದನ್ನು ಅಲ್ಲಗಳೆಯಬೇಕಾದ್ದಿಲ್ಲ. ಆದರೆ ಆ ಸರ್ಕಾರದ ಕೈಯಿಂದ ಪ್ರಜೆಯನ್ನು ಕಾಪಾಡತಕ್ಕ ಕಟ್ಟುಪಾಡುಗಳು, ಎಂದರೆ ವಾಕ್‌ಸ್ವಾತಂತ್ರ್ಯ, ಪತ್ರಿಕಾಸ್ವಾತಂತ್ರ್ಯ, ಮತಸ್ವಾತಂತ್ರ್ಯ, ಕಾರಣವಿಲ್ಲದೆ ಮನೆಯನ್ನು ಶೋಧಿಸಕೂಡದೆಂಬ ನಿಯಮ, ಇವೊಂದೂ ಅವರು ರುಜು ಹಾಕಿದ ಪತ್ರದಲ್ಲಿರಲಿಲ್ಲ. ಇವೆಲ್ಲವನ್ನೂ ಹಟ ಹಿಡಿದು ಬರೆಯಿಸಿದವರು ಆ ಪತ್ರವನ್ನು ವಿರೋಧಿಸಿದವರು. ಈಗ ಯಾವ ಭಾಗಕ್ಕಾಗಿ ಆ ರಾಜ್ಯಾಂಗವನ್ನು ಲೋಕವು ಮೆಚ್ಚುತ್ತದೆಯೋ ಆ ಭಾಗದ ಕೀರ್ತಿಯನ್ನು, ಅದು ಬೇಡವೆಂದವರ ಕೊರಳಿಗೆ ಹಾಕುವುದು ಯಾವ ನ್ಯಾಯ?

ಆ ಸಭೆಯು ನಿಷ್ಕಾರಣವಾಗಿ ಸೇರಿತೆಂದು ಯಾರೂ ಹೇಳಲಾರರು. 1781ರಲ್ಲಿ ಜಾರಿಗೆ ಬಂದಿದ್ದ ಒಕ್ಕೂಟದ ಕರಾರಿನ ಪ್ರಕಾರ ಕಾಂಗ್ರೆಸ್ ಸಭೆಗೆ ತೆರಿಗೆ ಹಾಕುವ ಅಧಿಕಾರವಿರಲಿಲ್ಲ. ಹಣಕ್ಕಾಗಿ ಸಂಸ್ಥಾನಗಳ ಮುಂದೆ ಕೈಯೊಡ್ಡಬೇಕಾಗಿತ್ತು. ಕರಾರಿನ ಒಂದಕ್ಷರವನ್ನು ತಿದ್ದುವುದಕ್ಕೂ 13 ಸಂಸ್ಥಾನಗಳ ಒಪ್ಪಿಗೆ ಬೇಕಾಗಿತ್ತು. ಸ್ವಾತಂತ್ರ್ಯಯುದ್ಧದ ಸಾಲವು ತೀರಿರಲಿಲ್ಲ. 1786ರಲ್ಲಿ ಮಸಾಚುಸೆಟ್ಸ್ ಸಂಸ್ಥಾನದ ಪಶ್ಚಿಮಭಾಗದ ರೈತರು ಸಾಲದಿಂದಲೂ ಕಂದಾಯದಿಂದಲೂ ಕಂಗೆಟ್ಟು, ಡೇನಿಯಲ್ ಷೇಸ್ ಎಂಬ ಹಳೆಯ ಸೈನ್ಯಾಧಿಕಾರಿಯೇ ಮೊದಲಾದವರ ಮುಂದಾಳುತನದಲ್ಲಿ ನ್ಯಾಯಸ್ಥಾನಗಳನ್ನು ಮುಚ್ಚಿಸಿದರು; ಮರುವರ್ಷದ ಜನವರಿಯಲ್ಲಿ ಸ್ಪ್ರಿಂಗ್‌ಫೀಲ್ಡಿನ ಆಯುಧಶಾಲೆಯ ಮೇಲೆಯೇ ಏರಿಹೋದರು. ದಂಗೆಯು ಅಡಗಿತು, ನಿಜ. ಆದರೆ ಸಿರಿವಂತರ ಎದೆಯಲ್ಲಿ ಹುಟ್ಟಿದ ಅಂಜಿಕೆಯು ಅಡಗಲಿಲ್ಲ.

ಹೀಗಿರಲು, ಹಳೆಯ ಕರಾರನ್ನು ಪರಿಷ್ಕರಿಸುವುದಕ್ಕಾಗಿ ಮಾತ್ರ ಸೇರತಕ್ಕದ್ದೆಂದು ಕಾಂಗ್ರೆಸ್ಸು 1787ರ ಫೆಬ್ರವರಿಯಲ್ಲಿ ಅಪ್ಪಣೆಯಿತ್ತಿತು. ಸೇರಿದವರು ಪರಿಷ್ಕರಿಸಲಿಲ್ಲ, ಹಳೆಯದನ್ನು ಬದಿಗಿಟ್ಟು ಹೊಸದನ್ನು ಬರೆದರು. ಹದಿಮೂರರ ಒಪ್ಪಿಗೆಯೂ ಬೇಡ, 9 ಸಂಸ್ಥಾನಗಳು ಒಪ್ಪಿದರೆ ಸಾಕೆಂದು ತಾವೇ ವಿಧಿಸಿಕೊಂಡರು. ಬಾಗಿಲಿಗೆ ಕಾವಲನ್ನಿಟ್ಟು, ಒಳಗೆ ಆಡಿದ ಮಾತು ಹೊರಗೆ ಹೋಗಕೂಡದೆಂದು ಕಟ್ಟು ಮಾಡಿಕೊಂಡರು. ಮ್ಯಾಡಿಸನ್ನನು ದಿನದಿನವೂ ಬರೆದಿಟ್ಟ ಟಿಪ್ಪಣಿಯು ಮುದ್ರಣವಾಗಿ ಜನರ ಕೈಗೆ ಸಿಕ್ಕಿದ್ದು 1840ರಲ್ಲಿ, ಅವನು ತೀರಿಹೋದ ನಾಲ್ಕು ವರ್ಷಗಳ ಮೇಲೆ.

ಈ ಗುಟ್ಟಿನ ವಿಷಯವಾಗಿ ಜೆಫರ್‌ಸನ್ನನು ಹೇಳಿದ್ದೇನು? ಅವನು ಆಗ ಪ್ಯಾರಿಸಿನಲ್ಲಿ ರಾಯಭಾರಿಯಾಗಿದ್ದನು. 1787ರ ಆಗಸ್ಟಿನಲ್ಲಿ ಜಾನ್ ಆಡಮ್ಸನಿಗೆ ಬರೆದ ಕಾಗದದಲ್ಲಿ ಆ ಸಭೆಯನ್ನು ದೇವಾಂಶಸಂಭೂತರ ಕೂಟವೆಂದು ಅವನು ಕರೆದದ್ದುಂಟು. ಭಾಷಣಕಾರರು ಈ ಮಾತನ್ನು ಎತ್ತಿ ಹಿಡಿಯುತ್ತಾರೆ. ಅದೇ ಕಾಗದದಲ್ಲಿ, ಅದೇ ಸಂದರ್ಭದಲ್ಲಿ, ಸದಸ್ಯರ ನಾಲಗೆಯನ್ನು ಕಟ್ಟಿಹಾಕಿ ಕಾರ್ಯಾರಂಭ ಮಾಡಿದ್ದು ಹೇಯವಾದ ಮೇಲ್ಪಂಕ್ತಿಯೆಂದೂ, ಸಾರ್ವಜನಿಕ ಚರ್ಚೆಯ ಬೆಲೆಯನ್ನು ಅರಿಯದಿದ್ದುದೇ ಅದಕ್ಕೆ ಕಾರಣವೆಂದೂ ಅವನು ವ್ಯಸನಪಟ್ಟಿದ್ದಾನೆ. ಭಾಷಣಕಾರರಿಗೆ ಈ ಸಾಲುಗಳು ಮಾತ್ರ ಹೇಗೋ ಕಣ್ಣಿಗೆ ಬೀಳುವುದಿಲ್ಲ. ಒಂದೇ ಕಾಗದದ ಒಂದು ಮಗ್ಗುಲನ್ನು ಓದಿ ಇನ್ನೊಂದನ್ನು ಮಡಿಸಿಡುವುದು ಪುರಾಣಶ್ರವಣಕ್ಕೆ ಒಪ್ಪೀತು, ಚರಿತ್ರೆಗೆ ಒಪ್ಪದು.

ಸಭೆಯು ಮುಗಿಯುವುದಕ್ಕೆ ಐದು ದಿನಗಳಿರುವಾಗ, ಸೆಪ್ಟೆಂಬರ್ 12ರಂದು ನಡೆದ ಸಂಗತಿಯು ಈ ವಿವಾದದಲ್ಲಿ ಮುಖ್ಯವಾದದ್ದು. ವರ್ಜೀನಿಯಾದ ಜಾರ್ಜ್ ಮೇಸನ್ ಎಂಬವನು ಎದ್ದು, ಈ ಪತ್ರದ ಮೊದಲಿಗೆ ಪ್ರಜೆಗಳ ಹಕ್ಕುಗಳ ಪಟ್ಟಿಯೊಂದಿದ್ದರೆ ಜನರ ಮನಸ್ಸಿಗೆ ಸಮಾಧಾನವಾಗುವುದೆಂದೂ, ಸಂಸ್ಥಾನಗಳಲ್ಲಿ ಆಗಲೇ ಇರುವ ಪಟ್ಟಿಗಳ ನೆರವಿನಿಂದ ಅದನ್ನು ಕೆಲವು ಗಂಟೆಗಳಲ್ಲಿ ಬರೆದು ಮುಗಿಸಬಹುದೆಂದೂ ಹೇಳಿದನು. 1776ರಲ್ಲಿ ವರ್ಜೀನಿಯಾದ ಹಕ್ಕುಗಳ ಘೋಷಣೆಯ ಕರಡನ್ನು ಬರೆದವನು ಇವನೇ. ಇವನ ಮಾತು ಹುಡುಗಾಟದ್ದಲ್ಲ. ಮಸಾಚುಸೆಟ್ಸಿನ ಗೆರಿ ಎಂಬವನು ಅದಕ್ಕಾಗಿ ಒಂದು ಉಪಸಮಿತಿಯನ್ನು ನೇಮಿಸಬೇಕೆಂದು ಸೂಚಿಸಿದನು. ಮತ ತೆಗೆದುಕೊಂಡಾಗ ಸೂಚನೆಯ ಕಡೆಗೆ ಒಂದು ಸಂಸ್ಥಾನವೂ ಇಲ್ಲ, ವಿರುದ್ಧವಾಗಿ ಹತ್ತು. ನಾಲ್ಕು ತಿಂಗಳು ಕುಳಿತಿದ್ದವರಿಗೆ ಕೆಲವು ಗಂಟೆಗಳು ಭಾರವಾದವು! 17ನೆಯ ತಾರೀಖು 39 ಮಂದಿ ರುಜು ಹಾಕಿದರು. ಮೇಸನ್, ಗೆರಿ, ರ‍್ಯಾಂಡಾಲ್ಫ್ ಎಂಬ ಮೂವರು ಎದುರಿಗೇ ಕುಳಿತಿದ್ದು ಲೇಖನಿಯನ್ನು ಮುಟ್ಟಲಿಲ್ಲ.

ಹಕ್ಕುಗಳ ಪಟ್ಟಿಯು ಏಕೆ ಬೇಡ? ಇದಕ್ಕೆ ಪತ್ರದ ಪಕ್ಷದವರು ಕೊಟ್ಟ ಸಮಾಧಾನವು ನೋಡುವುದಕ್ಕೆ ಬಹು ಜಾಣತನದ್ದು. ಜೇಮ್ಸ್ ವಿಲ್ಸನ್ ಎಂಬ ನ್ಯಾಯವಾದಿಯು ಅದನ್ನು ಮೊದಲು ಸಾರಿದನು. ಹ್ಯಾಮಿಲ್ಟನ್ನನು "ಫೆಡರಲಿಸ್ಟ್" ಲೇಖನಮಾಲೆಯ 84ನೆಯ ಲೇಖನದಲ್ಲಿ ವಿಸ್ತರಿಸಿದನು. ಹೊಸ ಸರ್ಕಾರಕ್ಕೆ ಕೊಟ್ಟಷ್ಟೇ ಅಧಿಕಾರ. ಪತ್ರಿಕೆಗಳನ್ನು ಅಡಗಿಸುವ ಅಧಿಕಾರವನ್ನು ಕೊಟ್ಟೇ ಇಲ್ಲವಾದ ಮೇಲೆ ಅಡಗಿಸಕೂಡದೆಂದು ಬರೆಯುವುದೇಕೆ? ಹಾಗೆ ಬರೆದರೆ, ಬರೆಯದೆ ಬಿಟ್ಟ ಹಕ್ಕುಗಳೆಲ್ಲ ಇಲ್ಲವೆಂದಾಗುವ ಅಪಾಯವೂ ಉಂಟು. ಇದು ಅವರ ವಾದ. ಈ ವಾದವು ನಿಲ್ಲತಕ್ಕದ್ದಾದರೆ ಅದೇ ಪತ್ರದ ಮೊದಲನೆಯ ಪ್ರಕರಣದಲ್ಲಿ, ದಂಗೆ ಅಥವಾ ದಾಳಿಯ ಕಾಲದಲ್ಲಲ್ಲದೆ ಸೆರೆಯಾಳನ್ನು ನ್ಯಾಯಾಧಿಪತಿಯ ಮುಂದೆ ತರಿಸುವ ಹಕ್ಕನ್ನು ತಡೆಯಕೂಡದೆಂದು ಬರೆದದ್ದೇಕೆ? ನಡೆದುಹೋದ ಕೃತ್ಯವನ್ನು ಆಮೇಲೆ ಅಪರಾಧವನ್ನಾಗಿ ಮಾಡಕೂಡದೆಂದು ಬರೆದದ್ದೇಕೆ? ಮಾನ್ಯತೆಯ ಬಿರುದುಗಳನ್ನು ಕೊಡಕೂಡದೆಂದು ಬರೆದದ್ದೇಕೆ? ಈ ಅಧಿಕಾರಗಳನ್ನು ಅವರೇನು ಸರ್ಕಾರಕ್ಕೆ ಕೊಟ್ಟಿದ್ದರೆ? ನ್ಯೂಯಾರ್ಕಿನ ಪತ್ರಿಕೆಯಲ್ಲಿ "ಬ್ರೂಟಸ್" ಎಂಬ ಹೆಸರನ್ನು ಮರೆಮಾಡಿಕೊಂಡು ಬರೆಯುತ್ತಿದ್ದ ವಿರೋಧಿಯೊಬ್ಬನು ಈ ಪ್ರಶ್ನೆಯನ್ನು 1787ರ ನವೆಂಬರಿನಲ್ಲಿಯೇ ಕೇಳಿದನು. ಹ್ಯಾಮಿಲ್ಟನ್ನನ ಲೇಖನವು ಹೊರಬಂದದ್ದು ಮರುವರ್ಷ. ಆರು ತಿಂಗಳ ಬಿಡುವಿದ್ದರೂ ಆ ಪ್ರತಿಭಾಶಾಲಿಗೆ ಸರಿಯಾದ ಉತ್ತರವು ಹೊಳೆಯಲಿಲ್ಲ, ಏಕೆಂದರೆ ಉತ್ತರವಿರಲಿಲ್ಲ.

ಇನ್ನು ಸಂಸ್ಥಾನಗಳು ಒಪ್ಪಿಕೊಂಡ ಬಗೆ. ಜನತೆಯು ಹರ್ಷಧ್ವನಿಯಿಂದ ಸ್ವೀಕರಿಸಿತೆಂದು ಸ್ತೋತ್ರಪಾಠವು ಹೇಳುತ್ತದೆ. ಪೆನ್ಸಿಲ್ವೇನಿಯಾದಲ್ಲಿ, ಕೋರಂ ಇಲ್ಲದಂತೆ ಮಾಡುವುದಕ್ಕಾಗಿ ವಿರೋಧಪಕ್ಷದವರು ಶಾಸನಸಭೆಗೆ ಬಾರದೆ ಉಳಿದಾಗ, ಗುಂಪಿನವರು ಇಬ್ಬರು ಸದಸ್ಯರನ್ನು ಬಿಡಾರದಿಂದ ಎಳೆತಂದು ಪೀಠಗಳಲ್ಲಿ ಕೂರಿಸಿ ಲೆಕ್ಕವನ್ನು ತುಂಬಿಸಿಕೊಂಡರು. ರೋಡ್ ಐಲೆಂಡಿನಲ್ಲಿ ಜನರ ಮತವನ್ನೇ ಕೇಳಲಾಗಿ, ಬೇಕೆಂದವರು 237 ಮಂದಿ, ಬೇಡವೆಂದವರು 2,700ಕ್ಕೆ ಮೇಲ್ಪಟ್ಟು. ಬೇಕೆಂದವರಲ್ಲಿ ಬಹುಮಂದಿ ಮತಕ್ಕೇ ಬರಲಿಲ್ಲವೆಂಬುದನ್ನೂ ಹೇಳಬೇಕು. ಮಸಾಚುಸೆಟ್ಸಿನಲ್ಲಿ 187ಕ್ಕೆ 168. ಹತ್ತು ಜನ ಅತ್ತ ಸರಿದಿದ್ದರೆ ಪತ್ರವು ಬಿದ್ದುಹೋಗುತ್ತಿತ್ತು. ವರ್ಜೀನಿಯಾದಲ್ಲಿ 89ಕ್ಕೆ 79. ನ್ಯೂಯಾರ್ಕಿನಲ್ಲಿ 30ಕ್ಕೆ 27. ಅಲ್ಲಿ ಇಬ್ಬರು ಸಾಕಾಗಿತ್ತು. ಉತ್ತರ ಕ್ಯಾರೊಲೈನಾ 1788ರಲ್ಲಿ ಒಪ್ಪಲೇ ಇಲ್ಲ.

ಮಸಾಚುಸೆಟ್ಸಿನಲ್ಲಿ ಆ ಹತ್ತೊಂಬತ್ತರ ಅಂತರವಾದರೂ ದೊರೆತದ್ದು ಹೇಗೆ? ಈಗ ಒಪ್ಪಿಕೊಳ್ಳಿರಿ, ಬೇಕಾದ ತಿದ್ದುಪಡಿಗಳನ್ನು ಒಪ್ಪಿಗೆಯ ಜೊತೆಯಲ್ಲಿಯೇ ಬರೆದು ಕಳುಹಿಸೋಣ ಎಂದು ಜಾನ್ ಹ್ಯಾಂಕಾಕನು ಮುಂದಿಟ್ಟ ಸಂಧಾನದಿಂದ. ಆಮೇಲೆ ನ್ಯೂ ಹ್ಯಾಂಪ್‌ಷಿರ್, ವರ್ಜೀನಿಯಾ, ನ್ಯೂಯಾರ್ಕ್ ಸಂಸ್ಥಾನಗಳೂ ಈ ದಾರಿಯನ್ನೇ ಹಿಡಿದವು. ಎಂದರೆ, ಹಕ್ಕುಗಳ ಪಟ್ಟಿಯ ವಾಗ್ದಾನವು ಆ ರಾಜ್ಯಾಂಗಕ್ಕೆ ತೆತ್ತ ಬೆಲೆ. ಆ ಬೆಲೆಯನ್ನು ಕೇಳಿದವರು ಯಾರೆಂಬುದು ಸ್ಪಷ್ಟವಷ್ಟೆ.

ಹಾಗಾದರೆ ಮ್ಯಾಡಿಸನ್ನನ ಗತಿಯೇನು, ಹಕ್ಕುಗಳ ತಿದ್ದುಪಡಿಗಳನ್ನು ತಂದವನು ಅವನಲ್ಲವೆ ಎಂದು ಆಕ್ಷೇಪಿಸಬಹುದು. ತಂದವನು ಅವನೇ. ಆದರೆ 1788ರ ಅಕ್ಟೋಬರಿನಲ್ಲಿ ಜೆಫರ್‌ಸನ್ನನಿಗೆ ಬರೆಯುವಾಗ ಇದೇ ಮ್ಯಾಡಿಸನ್ನನು ಇಂಥ ಪಟ್ಟಿಗಳನ್ನು ಚರ್ಮಪತ್ರದ ಬೇಲಿಗಳೆಂದು ಹಗುರವಾಗಿ ಕಂಡಿದ್ದನು. ಮರುವರ್ಷದ ಆದಿಯಲ್ಲಿ ಪ್ರತಿನಿಧಿಸಭೆಯ ಚುನಾವಣೆಗೆ ನಿಂತಾಗ ಅವನ ಎದುರಾಳಿಯಾದವನು ಜೇಮ್ಸ್ ಮನ್ರೊ. ಮತದಾರರಲ್ಲಿ ಮತಸ್ವಾತಂತ್ರ್ಯಕ್ಕಾಗಿ ಹಿಂದೆ ಸೆರೆಮನೆಯನ್ನು ಕಂಡಿದ್ದ ಬ್ಯಾಪ್ಟಿಸ್ಟ್ ಪಂಥದವರು ಅನೇಕರು. ತಿದ್ದುಪಡಿಗಳನ್ನು ತರುವೆನೆಂದು ಮಾತು ಕೊಟ್ಟ ಮೇಲೆಯೇ ಅವನು ಗೆದ್ದನು. ಕೊಟ್ಟ ಮಾತನ್ನು ಸಭಿಕರ ಔದಾಸೀನ್ಯದ ನಡುವೆಯೂ ನಡೆಯಿಸಿಕೊಟ್ಟನೆಂಬುದು ಅವನ ದೊಡ್ಡತನ, ಅದಕ್ಕೆ ಕೈಮುಗಿಯಬೇಕು. 1789ರ ಜೂನ್ 8ರಂದು ಅವನು ಮಂಡಿಸಿದ್ದು ಪ್ರತಿನಿಧಿಸಭೆಯಲ್ಲಿ 17 ತಿದ್ದುಪಡಿಗಳಾಗಿ, ಸೆನೆಟ್ಟಿನಲ್ಲಿ ಹನ್ನೆರಡಕ್ಕೆ ಇಳಿದು, 1791ರ ಡಿಸೆಂಬರ್ 15ರ ಹೊತ್ತಿಗೆ ಹತ್ತು ಸ್ಥಿರವಾದವು. ಸಂಸ್ಥಾನಗಳೂ ಮತಸ್ವಾತಂತ್ರ್ಯವನ್ನೂ ಪತ್ರಿಕೆಗಳನ್ನೂ ಹಿಂಸಿಸಕೂಡದೆಂಬುದು ಅವನಿಗೆ ಅತ್ಯಂತ ಪ್ರಿಯವಾಗಿದ್ದ ತಿದ್ದುಪಡಿ. ಅದನ್ನು ಸೆನೆಟ್ಟು ಕಿತ್ತುಹಾಕಿತು.

ವಿರೋಧಿಗಳೆಲ್ಲರೂ ಸಾಧುಪುರುಷರಾಗಿದ್ದರೆಂದು ಇದರಿಂದ ಭಾವಿಸಕೂಡದು. ತೆರಿಗೆಯ ಅಧಿಕಾರವನ್ನು ಮೊಟಕುಮಾಡುವುದೇ ಅವರಲ್ಲಿ ಹಲವರ ನಿಜವಾದ ಗುರಿಯಾಗಿತ್ತು. ಬರಿಯ ಹಕ್ಕುಗಳು ದೊರೆತಾಗ ಪ್ಯಾಟ್ರಿಕ್ ಹೆನ್ರಿಗೆ ತೃಪ್ತಿಯಾಗಲಿಲ್ಲ. ಸ್ವಾತಂತ್ರ್ಯವನ್ನು ಕುರಿತು ಗುಡುಗಿದ ಹೆನ್ರಿಯೂ, ಗುಲಾಮರ ವ್ಯಾಪಾರವನ್ನು ಸಭೆಯಲ್ಲಿ ಖಂಡಿಸಿದ ಮೇಸನ್ನನೂ ಸ್ವತಃ ಗುಲಾಮರ ಒಡೆಯರು. ಈ ಕಳಂಕವನ್ನು ಮುಚ್ಚಿಡಬೇಕಾದ ಅಗತ್ಯವಿಲ್ಲ. ಆದರೆ ಸ್ತುತಿಕಾರರು ಇದನ್ನೇ ಹಿಡಿದು, ಉಭಯಪಕ್ಷದವರೂ ಒಂದೇ ಎಂದು ಜಾರಿಕೊಳ್ಳಲು ಬಾರದು. ಪತ್ರದಲ್ಲಿ ಗುಲಾಮನೆಂಬ ಶಬ್ದವನ್ನು ಬಳಸದೆಯೇ, ಪ್ರಾತಿನಿಧ್ಯದ ಲೆಕ್ಕದಲ್ಲಿ ಐವರು ಗುಲಾಮರನ್ನು ಮೂವರೆಂದು ಎಣಿಸಿದರು. ಅವರ ಆಮದನ್ನು 1808ರವರೆಗೆ ಕಾಂಗ್ರೆಸ್ಸು ನಿಷೇಧಿಸಕೂಡದೆಂದು ಕಟ್ಟಿದರು. ಓಡಿಹೋದವನನ್ನು ಹಿಡಿದೊಪ್ಪಿಸಬೇಕೆಂದೂ ಸೇರಿಸಿದರು. ಪತ್ರಿಕೆಯ ಮುದ್ರಕನಿಗೆ, ಬ್ಯಾಪ್ಟಿಸ್ಟನಿಗೆ, ಮಸಾಚುಸೆಟ್ಸಿನ ರೈತನಿಗೆ ಹೊರಗಿನ ಚರ್ಚೆಯಲ್ಲಾದರೂ ಒಂದು ಸ್ವರವಿತ್ತು. ಅವರ ಕೋರಿಕೆಯು ನಾಲ್ಕು ವರ್ಷಗಳಲ್ಲಿ ಶಾಸನವಾಯಿತು. ಗುಲಾಮನ ಪರವಾಗಿ ಅಲ್ಲೊಬ್ಬ ಇಲ್ಲೊಬ್ಬ ಮಾತನಾಡಿದರೇ ಹೊರತು, ಅವನಿಗೆ ಸ್ವಂತದ ಸ್ವರವು ಒಳಗೂ ಇರಲಿಲ್ಲ, ಹೊರಗೂ ಇರಲಿಲ್ಲ. ಅವನ ಪಾಲಿನ ತಿದ್ದುಪಡಿಗೆ 1865ರವರೆಗೆ, ಲಕ್ಷಾಂತರ ಜನರ ರಕ್ತವು ಹರಿಯುವವರೆಗೆ ಕಾಯಬೇಕಾಯಿತು.

ಹಕ್ಕುಗಳನ್ನು ಬರೆದಿಟ್ಟ ಮಾತ್ರಕ್ಕೆ ಏನಾಯಿತು ಎನ್ನುವವರೂ ಉಂಟು. ಬರೆದ ಏಳೇ ವರ್ಷಗಳಲ್ಲಿ, 1798ರಲ್ಲಿ, ಸರ್ಕಾರದ ನಿಂದೆಯನ್ನು ಅಪರಾಧವನ್ನಾಗಿ ಮಾಡುವ ಶಾಸನವು ಪ್ರತಿನಿಧಿಸಭೆಯಲ್ಲಿ 44ಕ್ಕೆ 41 ಮತಗಳಿಂದ ಗೆದ್ದಿತು. ವರ್ಮಾಂಟಿನ ಪ್ರತಿನಿಧಿ ಮ್ಯಾಥ್ಯೂ ಲೈಯನ್ನನು ಅಧ್ಯಕ್ಷನನ್ನು ಟೀಕಿಸಿದ್ದಕ್ಕಾಗಿ ನಾಲ್ಕು ತಿಂಗಳು ಸೆರೆಮನೆಯನ್ನು ಸೇರಿದನು. ನಿಜವೇ. ಆದರೆ ಆ ಶಾಸನದ ಮೇಲೆ ಜನರು ಹೂಡಿದ ಹೋರಾಟಕ್ಕೆ ಆಧಾರವಾದದ್ದು ಯಾವುದು? ವಿರೋಧಿಗಳು ಬರೆಯಿಸಿದ ಮೊದಲನೆಯ ತಿದ್ದುಪಡಿಯೇ. ಸೆರೆಯಲ್ಲಿದ್ದಂತೆಯೇ ಲೈಯನ್ನನನ್ನು ಜನರು ಮತ್ತೆ ಚುನಾಯಿಸಿದರು. ಶಾಸನವು 1801ರಲ್ಲಿ ಗಡುವು ತೀರಿ ಅಳಿಯಿತು.

ಈ ವಿವಾದವು ಅಮೆರಿಕಾದವರಿಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯಲಾಗದು. ಮೂವರ ಅಂತರದಿಂದ ಒಪ್ಪಿಕೊಂಡ ನ್ಯೂಯಾರ್ಕಿನ ಸಭೆಯು 1788ರಲ್ಲಿ ಕಳುಹಿಸಿದ ಬೇಡಿಕೆಗಳಲ್ಲಿ ಒಂದು, ನ್ಯಾಯವಾದ ಶಾಸನಕ್ರಮವನ್ನು ಅನುಸರಿಸಿಯಲ್ಲದೆ ಯಾರ ಸ್ವಾತಂತ್ರ್ಯವನ್ನೂ ಸ್ವತ್ತನ್ನೂ ಕಿತ್ತುಕೊಳ್ಳಕೂಡದೆಂಬುದು. ಅದು ಮ್ಯಾಡಿಸನ್ನನ ಕೈಯಲ್ಲಿ ಐದನೆಯ ತಿದ್ದುಪಡಿಯನ್ನು ಸೇರಿತು. 1868ರ ಹದಿನಾಲ್ಕನೆಯ ತಿದ್ದುಪಡಿಯಿಂದ ಸಂಸ್ಥಾನಗಳನ್ನೂ ಕಟ್ಟಿತು. ಭಾರತದ ರಾಜ್ಯಾಂಗಸಭೆಯ ಸಲಹೆಗಾರರಾಗಿದ್ದ ದಕ್ಷಿಣ ಕನ್ನಡದ ಬೆನಗಲ್ ನರಸಿಂಗ ರಾಯರು 1947ರಲ್ಲಿ ಅಮೆರಿಕಾಕ್ಕೆ ಹೋದಾಗ ನ್ಯಾಯಮೂರ್ತಿ ಫ್ರಾಂಕ್‌ಫರ್ಟರನೊಡನೆ ಚರ್ಚಿಸಿದ್ದು ಈ ಸೂತ್ರವನ್ನೇ. ಅದರಿಂದ ನ್ಯಾಯಾಧಿಪತಿಗಳಿಗೆ ಶಾಸನಸಭೆಯ ಮೇಲೆ ಅತಿಯಾದ ಅಧಿಕಾರವು ಬರುವುದೆಂದು ಅವನು ಎಚ್ಚರಿಸಿದನು. ರಾಯರಿಗೂ ಅದು ಸರಿದೋರಿತು. ಹೀಗಾಗಿ 1950ರ ಭಾರತ ರಾಜ್ಯಾಂಗದ 21ನೆಯ ಅನುಚ್ಛೇದದಲ್ಲಿ ಶಾಸನವು ಗೊತ್ತುಮಾಡಿದ ಕ್ರಮ ಎಂಬಷ್ಟೇ ಮಾತು ಉಳಿಯಿತು. ಆ ಕ್ರಮವು ಹೇಗಿದ್ದರೂ ಸಲ್ಲುವುದೆ ಎಂಬ ಪ್ರಶ್ನೆಯು ಬಿಡಲಿಲ್ಲ. ರಾಹದಾರಿ ಪತ್ರವನ್ನು ಸರ್ಕಾರವು ವಶಪಡಿಸಿಕೊಂಡಿತೆಂದು ಮೇನಕಾ ಗಾಂಧಿಯವರು ಹೂಡಿದ ವ್ಯಾಜ್ಯದಲ್ಲಿ 1978ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು, ಕ್ರಮವು ನ್ಯಾಯಸಮ್ಮತವಾಗಿಯೂ ಯುಕ್ತವಾಗಿಯೂ ಇರತಕ್ಕದ್ದೆಂದು ತೀರ್ಮಾನಿಸಿತು.