ಕಳ್ಳಿಗೂ ನೆರಳು ಬೇಕು

ವಳ್ಳೂರಿನ ಬಿಸಿಲನ್ನು ನಂಬಿ ಪಾವಗಡ ಸೋಲಾರ್ ಪಾರ್ಕ್ 2,050 ಮೆಗಾವಾಟ್‌ವರೆಗೂ ಬೆಳೆದಿದೆ. ಅಲ್ಲಿ ಪ್ಯಾನೆಲ್ ಕೂಡ ಅತಿಯಾಗಿ ಕಾದರೆ ಕರೆಂಟು ಕಡಿಮೆ ಕೊಡುತ್ತೆ. ಇದನ್ನು ಓದಿರೋ ನಾವು ಸಕ್ಯುಲೆಂಟ್ ವಿಷಯದಲ್ಲಿ ಮಾತ್ರ ‘ಮರಳುಗಾಡಿನ ಗಿಡ ತಾನೇ, ತಾರಸಿಗಿಡು’ ಅನ್ನೋದನ್ನು ಒಪ್ಪಬಾರದು. ಬೇಲಿಯ ಕಳ್ಳಿ ಚಿಕ್ಕಂದಿನಿಂದಲೇ ಆ ಬಿಸಿಲಿಗೆ ಹದವಾದದ್ದು. ನರ್ಸರಿಯದ್ದು ನೆರಳುಬಲೆಯಡಿ ಬೆಳೆದ ಕೂಸು. ಒಮ್ಮೆ ಎಲೆ ಸುಟ್ಟು ಕಲೆ ಬಿದ್ದರೆ ಆ ಕಲೆ ಮತ್ತೆ ಹಸಿರಾಗಲ್ಲ. ಪಾಪ ಅಂತ ನೀರು ಸುರಿದರೆ ಬೇರೂ ಕೊಳೆಯುತ್ತೆ!

ಎರಡು ವಾರ ಬೆಳಗಿನ ಬಿಸಿಲಷ್ಟೇ ಕೊಡೋಣ, ದಿನಕ್ಕೆ ಒಂದು ಗಂಟೆಯಿಂದ ಶುರುಮಾಡಿ. ಮಧ್ಯಾಹ್ನದ ಪಡುವಣ ಬಿಸಿಲು ಬೇಡವೇ ಬೇಡ. ನೆರಳುಬಲೆ ಇಲ್ಲವೇ? ಹಳೇ ಬಿಳಿ ಪಂಚೆ ಕಟ್ಟಿದರಾಯಿತು. ಲೋಳೆಸರ ಬರೀ ಕೆಂಪಗಾಗಿದ್ದರೆ ಗಾಬರಿ ಬೇಡ, ನೆರಳಿಗೆ ಸರಿಸಿದರೆ ನಿಧಾನಕ್ಕೆ ಹಸಿರು ಬರುತ್ತೆ.